ಬ್ಯಾಟನ್ ಎಷ್ಟು ಗಟ್ಟಿ ಅಂತಲ್ಲ, ಎಲ್ಲಿ ಬಗ್ಗುತ್ತದೆ ಅಂತ ಕೇಳಿ

ಜೂನ್ ಬಂತೆಂದರೆ ಹಲಸೂರು ಬಜಾರ್ ಬೀದಿಯ ನನ್ನ ಹೊಲಿಗೆ ಅಂಗಡಿಗೆ ಶಾಲೆಯ ಯೂನಿಫಾರ್ಮುಗಳ ಜೊತೆ ಹಾಯಿಗಳೂ ಬರುತ್ತವೆ. ಪಡುವಣ ಗಾಳಿ ಎದ್ದ ಮೇಲೆ ಹಾಯಿಯಲ್ಲಿ ಅಡಗಿದ್ದ ಹುಳುಕೆಲ್ಲ ಹೊರಬೀಳುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬ್ಯಾಟನ್ ಬಗ್ಗೆ, ಅಂದರೆ ಹಾಯಿಯ ಬಟ್ಟೆ ಜೋತುಬೀಳದಂತೆ ಅದರ ಜೇಬಿನಲ್ಲಿ ತೂರಿಸುವ ಪಟ್ಟಿಯ ಬಗ್ಗೆಯೇ ಇದ್ದವು. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ.

ಹೊಸ ಓದುಗರಿಗೆ ನನ್ನ ಪರಿಚಯ ಒಂದೆರಡು ಮಾತಿನಲ್ಲಿ. ನಮ್ಮ ಯಜಮಾನರು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು. ಸೇನೆಯ ಎಂಜಿನಿಯರುಗಳು ‘ತೃಷ್ಣಾ’ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತಿ ವಾಪಸಾದದ್ದು 1987ರಲ್ಲಿ. ನಮ್ಮ ಕ್ವಾರ್ಟರ್ಸ್‌ನಲ್ಲಿ ಆ ವರ್ಷ ಎಲ್ಲರ ಬಾಯಲ್ಲೂ ಹಾಯಿಯದೇ ಮಾತು. ಒಂದು ಸಂಜೆ ಅವರು ಹರಿದ ಹಾಯಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದು, “ಇದನ್ನ ಹೊಲಿಯಕ್ಕಾಗತ್ತಾ ನೋಡು” ಅಂದರು. ಅಂದಿನಿಂದ ಹೊಲಿಯುತ್ತಿದ್ದೇನೆ. ದೋಣಿ ನಡೆಸುವುದನ್ನು ಕಲಿತದ್ದು ಆಮೇಲೆ.

ನನ್ನ ಮಗಳಿಗೆ ಹದಿನಾಲ್ಕು ವರ್ಷ. ಗೆಳತಿಯ ಜೊತೆ ಎಂಟರ್‌ಪ್ರೈಸ್ ದೋಣಿಯಲ್ಲಿ ರೇಸ್‌ಗೆ ಇಳಿಯುತ್ತಾಳೆ. ಗಾಳಿ ಮಂದವಾದರೆ ಉಳಿದವರು ಸಾಗುತ್ತಾರೆ, ಇವರದು ನಿಂತೇ ಬಿಡುತ್ತದೆ. ಮೇಲಿನ ಬ್ಯಾಟನ್ ಗಟ್ಟಿಯಾಯಿತು ಎನ್ನುತ್ತಾರೆ ತರಬೇತುದಾರರು. ಗಟ್ಟಿ ಎಂದರೆ ಎಷ್ಟು? ಉಜ್ಜಿ ತೆಳ್ಳಗೆ ಮಾಡಬಹುದೇ? ಬ್ಯಾಟನ್ ಏಕೆ ಬೇಕು ಎಂಬುದೇ ನನಗೆ ಸರಿಯಾಗಿ ಗೊತ್ತಿಲ್ಲ, ಕ್ಷಮಿಸಿ.
ಒಬ್ಬ ತಂದೆ, ಇಂದಿರಾನಗರ

ಕ್ಷಮೆ ಯಾಕೆ ಸಾರ್. ಒಳ್ಳೆಯ ಶರ್ಟಿನ ಕಾಲರ್ ತುದಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಪಟ್ಟಿ ತೂರಿಸಿರುತ್ತೇವೆ, ಕಾಲರ್ ಮೇಲಕ್ಕೆ ಸುರುಟಿಕೊಳ್ಳದಿರಲಿ ಎಂದು. ಬ್ಯಾಟನ್ ಮಾಡುವುದೂ ಅದೇ ಕೆಲಸ. ಹಾಯಿಯ ಹಿಂದಂಚಿಗೆ ನಾವು ಲೀಚ್ ಅನ್ನುತ್ತೇವೆ. ಹಾಯಿಯ ತಲೆಯಿಂದ ಹಿಂದಿನ ಕೆಳಮೂಲೆಗೆ ಒಂದು ದಾರ ಎಳೆದು ಹಿಡಿಯಿರಿ. ಬಟ್ಟೆ ಆ ದಾರದಿಂದಾಚೆಗೆ ಬಿಲ್ಲಿನಂತೆ ಚಾಚಿಕೊಂಡಿರುತ್ತದೆ. ಬಟ್ಟೆ ಹೆಚ್ಚಿದಷ್ಟೂ ದೋಣಿಗೆ ಬಲ ಹೆಚ್ಚು. ಆದರೆ ಹಾಗೆ ಚಾಚಿದ ಬಟ್ಟೆಗೆ ಆಧಾರ ಇಲ್ಲದಿದ್ದರೆ ಅದು ನಾಯಿಯ ಕಿವಿಯ ಹಾಗೆ ಜೋತುಬೀಳುತ್ತದೆ. ಅದಕ್ಕೆಂದೇ ಹಿಂದಂಚಿನಿಂದ ಒಳಕ್ಕೆ ಉದ್ದನೆಯ ಜೇಬು ಹೊಲಿದು ಫೈಬರ್‌ಗ್ಲಾಸಿನ ಪಟ್ಟಿಗಳನ್ನು ತೂರಿಸುವುದು.

ಕಾಲರ್ ಪಟ್ಟಿ ನೆಟ್ಟಗಿದ್ದರೆ ಸಾಕು. ಬ್ಯಾಟನ್ನಿಗೆ ಅಷ್ಟು ಸಾಲದು. ಹಿಂದಂಚಿನ ಹತ್ತಿರ ಅದು ಚಪ್ಪಟೆಯಾಗಿರಬೇಕು, ಒಳಗೆ ಹೋದಂತೆ ಹಾಯಿಯ ಹೊಟ್ಟೆಯ ಜೊತೆ ಬಗ್ಗಬೇಕು. ಬಾಲ್ಯದಲ್ಲಿ ಗಾಳಿಪಟ ಕಟ್ಟಿದ್ದರೆ ನಿಮಗೆ ಇದು ಗೊತ್ತೇ ಇರುತ್ತದೆ. ಕಮಾನಿನ ಕಡ್ಡಿಯನ್ನು ಎರಡೂ ಕಡೆ ಹೆರೆದು ಹೆರೆದು, ಬಗ್ಗಿಸಿ ನೋಡಿ, ಮತ್ತೆ ಹೆರೆಯುತ್ತಿದ್ದೆವಲ್ಲ? ಒಂದು ಪಕ್ಕ ದಪ್ಪ ಉಳಿದರೆ ಪಟ ಅತ್ತಲೇ ವಾಲುತ್ತಿತ್ತು. ಕಡ್ಡಿ ಗಟ್ಟಿಯೋ ಮೆತ್ತಗೋ ಅಂತ ಆಗ ಯಾರೂ ಕೇಳುತ್ತಿರಲಿಲ್ಲ, ಎಲ್ಲಿ ಬಗ್ಗುತ್ತದೆ ಅಂತ ನೋಡುತ್ತಿದ್ದೆವು. ಬ್ಯಾಟನ್ ಬಗ್ಗೆ ನಾನು ಹೇಳುವುದೂ ಅದನ್ನೇ.

ಬ್ಯಾಟನ್ ಇಡೀ ಉದ್ದಕ್ಕೂ ಒಂದೇ ದಪ್ಪ ಇದ್ದು, ಗಾಳಿಗೆ ಹೋಲಿಸಿದರೆ ಬಿಗಿ ಹೆಚ್ಚಾಗಿದ್ದರೆ, ಅದು ಮುಗಿಯುವ ಜಾಗದಲ್ಲಿ ಹಾಯಿ ಬಾಗಿಲ ಕೀಲಿನಂತೆ ಮಡಿಚಿಕೊಳ್ಳುತ್ತದೆ. ಒಳತುದಿಗಳ ಬಳಿ ಮೇಲಿಂದ ಕೆಳಕ್ಕೆ ಒಂದು ಗೆರೆ ಕಾಣುತ್ತದೆ. ಮಂದ ಗಾಳಿಗೆ ಆ ಗೆರೆ ದಾಟಿ ಹರಿಯುವ ಶಕ್ತಿ ಇರುವುದಿಲ್ಲ, ಬಟ್ಟೆಯಿಂದ ಬಿಟ್ಟುಕೊಂಡು ಹೋಗುತ್ತದೆ. ನಿಮ್ಮ ಮಗಳ ದೋಣಿ ನಿಲ್ಲುವುದು ಬಹುಶಃ ಇದಕ್ಕೇ. ಮೇಲಿನ ಬ್ಯಾಟನ್ನಿನಲ್ಲಿ ಈ ತೊಂದರೆ ಎದ್ದು ಕಾಣುತ್ತದೆ, ಯಾಕೆಂದರೆ ಅಲ್ಲಿ ಹಾಯಿ ಕಿರಿದು. ಬ್ಯಾಟನ್ ಅಲ್ಲಿ ಹಾಯಿಯ ಅಗಲದ ದೊಡ್ಡ ಪಾಲನ್ನೇ ಆವರಿಸಿಕೊಂಡಿರುತ್ತದೆ. ಕೆಳಗಿನವು ಸ್ವಲ್ಪ ಹೆಚ್ಚುಕಡಿಮೆಯಾದರೂ ಹಾಯಿ ತಡೆದುಕೊಳ್ಳುತ್ತದೆ.

ಈಗ “ಎಷ್ಟು ಗಟ್ಟಿ” ಎಂಬ ಪ್ರಶ್ನೆಗೆ ಬರೋಣ. ಕೈಯಲ್ಲಿ ಬಗ್ಗಿಸಿ ನೋಡಿ ತೀರ್ಮಾನ ಮಾಡಬೇಡಿ. ಬೆಳಗ್ಗೆಯ ಕೈಗೆ ಒಂದು ಥರ ಅನಿಸುತ್ತದೆ, ಸಂಜೆಯ ಕೈಗೆ ಇನ್ನೊಂದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ತನ್ನಿ. ಅದರ ಮೇಲೆ ಬ್ಯಾಟನ್ನನ್ನು ನೆಟ್ಟಗೆ ನಿಲ್ಲಿಸಿ, ಮೇಲ್ತುದಿಯನ್ನು ಅಂಗೈಯಿಂದ ನೇರ ಕೆಳಕ್ಕೆ ಒತ್ತಿ. ಒಂದು ಹಂತಕ್ಕೆ ಬಂದಾಗ ಅದು ತಟ್ಟನೆ ಬಿಲ್ಲಾಗುತ್ತದೆ. ಆಮೇಲೆ ಇನ್ನಷ್ಟು ಒತ್ತಿ ಬಗ್ಗಿಸಿದರೂ ತಕ್ಕಡಿಯ ಅಂಕಿ ಹೆಚ್ಚೇನೂ ಏರುವುದಿಲ್ಲ. ಆ ಅಂಕಿಯೇ ನಿಮ್ಮ ಬ್ಯಾಟನ್ನಿನ ಬಿಗಿ. ಅದನ್ನು ಪರ್ಮನೆಂಟ್ ಮಾರ್ಕರಿನಲ್ಲಿ ಬ್ಯಾಟನ್ ಮೇಲೆಯೇ ಬರೆದಿಡಿ.

ಇನ್ನೊಬ್ಬರ ಸಹಾಯ ತೆಗೆದುಕೊಂಡು ಎರಡನೆಯ ಅಳತೆ ಮಾಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆಯಿರಿ. ಬ್ಯಾಟನ್ನಿನ ಎರಡೂ ತುದಿ ಗೆರೆಯ ಮೇಲೆಯೇ ಇರುವ ಹಾಗೆ ಒಳಕ್ಕೆ ಒತ್ತಿ ಬಿಲ್ಲು ಮಾಡಿ. ಗೆರೆಯಿಂದ ಅತಿ ದೂರ ಹೋದ ಜಾಗ ಒಳತುದಿಯಿಂದ ಎಷ್ಟು ಸೆಂಟಿಮೀಟರ್ ಅಂತ ಅಳೆಯಿರಿ. ನನಗೆ ಮೊದಲನೆಯದಕ್ಕಿಂತ ಈ ಅಳತೆಯೇ ಮುಖ್ಯ.

ನನ್ನ ನೋಟ್‌ಬುಕ್ಕಿನಿಂದ ಒಂದು ಉದಾಹರಣೆ ಕೊಡುತ್ತೇನೆ. 60 ಸೆಂ.ಮೀ. ಉದ್ದ, 20 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಒಂದು ಫೈಬರ್‌ಗ್ಲಾಸ್ ಪಟ್ಟಿ. ತಕ್ಕಡಿಯಲ್ಲಿ 1 ಕೆ.ಜಿ. 300 ಗ್ರಾಂ ತೋರಿಸಿತು. ಬಿಲ್ಲಿನ ಹೊಟ್ಟೆ ಸರಿಯಾಗಿ ನಡುವೆ, 30 ಸೆಂ.ಮೀ.ಗೆ. ಹಿಂದಂಚಿನ ಕಡೆಯ 20 ಸೆಂ.ಮೀ. ಮುಟ್ಟದೆ, ಉಳಿದ 40 ಸೆಂ.ಮೀ.ನಲ್ಲಿ ದಪ್ಪವನ್ನು ನಿಧಾನವಾಗಿ ಇಳಿಸುತ್ತಾ ಒಳತುದಿಯಲ್ಲಿ 1.2 ಮಿ.ಮೀ.ಗೆ ತಂದೆ. ಬಿಗಿ 850 ಗ್ರಾಂಗೆ ಇಳಿಯಿತು, ಹೊಟ್ಟೆ 27 ಸೆಂ.ಮೀ.ಗೆ ಸರಿಯಿತು. ಮೂರೇ ಸೆಂಟಿಮೀಟರ್. ಹಾಯಿಗೆ ಹಾಕಿ ನೋಡಿದರೆ ಕೀಲಿನ ಗೆರೆ ಮಾಯವಾಗಿತ್ತು.

ಉಜ್ಜಬಹುದೇ ಎಂದು ಕೇಳಿದ್ದೀರಿ. ನಿಮ್ಮ ಕ್ಲಾಸ್ ನಿಯಮ, ಅಂದರೆ ಆ ಮಾದರಿಯ ದೋಣಿಗಳ ರೇಸಿನ ನಿಯಮ ಒಪ್ಪಿದರೆ ಉಜ್ಜಬಹುದು. ಮೊದಲು ನಿಯಮ ಓದಿ, ಆಮೇಲೆ ಉಜ್ಜುಕಾಗದ ಹಿಡಿಯಿರಿ. ಒಂದು ಲೆಕ್ಕ ಮಾತ್ರ ತಲೆಯಲ್ಲಿರಲಿ: ಬಿಗಿ ಎನ್ನುವುದು ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ದಪ್ಪ ನೂರಕ್ಕೆ ಹತ್ತು ಇಳಿದರೆ ಬಿಗಿ ಇಪ್ಪತ್ತೇಳು ಇಳಿಯುತ್ತದೆ. ದಪ್ಪ ನೂರಕ್ಕೆ ಇಪ್ಪತ್ತು ಇಳಿದರೆ ಬಿಗಿ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಅಗಲ ಕಡಿಮೆ ಮಾಡಿದರೆ ಹೀಗಾಗುವುದಿಲ್ಲ, ಹತ್ತಕ್ಕೆ ಹತ್ತೇ.

ಈ ಲೆಕ್ಕ ಗೊತ್ತಿಲ್ಲದ ಕಾಲದಲ್ಲಿ ನಾನು ಒಂದು ತಪ್ಪು ಮಾಡಿದ್ದೆ, ಈಗಲೂ ನೆನೆದರೆ ಸಂಕಟವಾಗುತ್ತದೆ. 1991ರ ಆಷಾಢ. ಒಬ್ಬ ಹುಡುಗನ ಮೇಲಿನ ಬ್ಯಾಟನ್ನನ್ನು ಬರೀ ಕೈ ಅಂದಾಜಿನಲ್ಲಿ, ಉದ್ದಕ್ಕೂ ಒಂದೇ ಸಮ ಉಜ್ಜಿಕೊಟ್ಟೆ. ಅಂಗಡಿಯಲ್ಲಿ ಬಗ್ಗಿಸಿದಾಗ ಬಹಳ ಚೆಂದ ಕಂಡಿತ್ತು. ಆ ಭಾನುವಾರದ ಗಾಳಿಗೆ ಹಿಂದಂಚು ರೇಸಿನುದ್ದಕ್ಕೂ ಪಟಪಟ ಹೊಡೆದುಕೊಂಡಿತು. ಹುಡುಗ ಎಷ್ಟು ಎಳೆದು ಹಿಡಿದರೂ ಮೇಲಿನ ಭಾಗ ನಿಲ್ಲಲಿಲ್ಲ. ದಡಕ್ಕೆ ಬಂದಾಗ ಜೇಬಿನ ಪಕ್ಕದ ಬಟ್ಟೆ ಸೀಳಿತ್ತು. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಆ ಹಾಯಿಯನ್ನು ರಾತ್ರಿ ಕೂತು ಹೊಲಿದೆ. ಮಾರನೆಯ ದಿನವೇ ಹೋಗಿ ವರ್ನಿಯರ್ ಕ್ಯಾಲಿಪರ್ ತಂದೆ. ಹಿಂದಂಚಿನ ಕಡೆಯ ಮೂರನೇ ಒಂದು ಭಾಗವನ್ನು ಅಂದಿನಿಂದ ನಾನು ಮುಟ್ಟಿಲ್ಲ.

ಕೆಲಸ ಮಾಡುವ ರೀತಿ ಹೀಗೆ. ಐದೈದು ಸೆಂಟಿಮೀಟರಿಗೆ ಗುರುತು ಹಾಕಿ, ಪ್ರತಿ ಗುರುತಿನಲ್ಲೂ ದಪ್ಪ ಅಳೆದು ಬರೆಯಿರಿ. ಪೇಂಟರುಗಳು ಬಳಸುವ ವಾಟರ್ ಪೇಪರನ್ನು ಒಂದು ಮರದ ತುಂಡಿಗೆ ಸುತ್ತಿ, ನೀರು ಹಾಕುತ್ತಾ ಉಜ್ಜಿ. ಒಣಗಿದ್ದನ್ನು ಉಜ್ಜಲೇಬೇಡಿ. ಗಾಜಿನ ಧೂಳು ಚರ್ಮಕ್ಕೆ ತುರಿಕೆ, ಎದೆಗೂ ಕೆಟ್ಟದ್ದು. ಮಾಸ್ಕ್ ಮತ್ತು ಕೈಗವಸು ಇರಲಿ, ಮಗಳ ಕೈಗೆ ಈ ಕೆಲಸ ಬೇಡ, ನೀವೇ ಮಾಡಿ. ಹತ್ತು ಸಲ ಉಜ್ಜಿದರೆ ಒಂದು ಸಲ ತಕ್ಕಡಿಗೆ ಹಿಡಿಯಿರಿ. ಕೊನೆಗೆ ತೆಳುವಾಗಿ ಎಪಾಕ್ಸಿ ಬಳಿದು, ತುದಿಗಳನ್ನು ದುಂಡಗೆ ಮಾಡಿ ಟೇಪ್ ಸುತ್ತಿ. ಅಂಗಡಿಯಿಂದ ಕತ್ತರಿಸಿ ತಂದ ಹಾಗೆಯೇ, ತುದಿ ಚೂಪಾಗಿರುವಾಗಲೇ ತೂರಿಸಿ ಜೇಬಿನ ತಳ ಹರಿದುಕೊಂಡ ಹಾಯಿಗಳು ವರ್ಷಕ್ಕೆ ಏಳೆಂಟಾದರೂ ನನ್ನ ಬಳಿ ಬರುತ್ತವೆ.

ನೀರಿಗಿಳಿದ ಮೇಲಿನ ಪರೀಕ್ಷೆಯನ್ನು ಮಗಳೇ ಮಾಡಲಿ. ಗಾಳಿಗೆ ಎದುರಾಗಿ ಹೋಗುವಾಗ ಬೂಮಿನ (ಹಾಯಿಯ ಕೆಳಂಚಿನ ಅಡ್ಡಗಳುವಿನ) ಕೆಳಗಿನಿಂದ ತಲೆ ಎತ್ತಿ ನೋಡಲಿ. ಹದವಾದ ಗಾಳಿಯಲ್ಲಿ ಮೇಲಿನ ಬ್ಯಾಟನ್ ಬೂಮಿಗೆ ಸಮಾನಾಂತರವಾಗಿರಬೇಕು. ಗಾಳಿ ತೀರಾ ಮಂದವಾದಾಗ ಅದರ ಹಿಂತುದಿ ಸ್ವಲ್ಪ ಹೊರಕ್ಕೆ ತೆರೆದುಕೊಂಡಿರಲಿ. ಆ ಬ್ಯಾಟನ್ನಿನ ತುದಿಗೆ, ಹಿಂದಂಚಿನಲ್ಲಿ ಗೇಣುದ್ದದ ತೆಳು ರಿಬ್ಬನ್ ಹೊಲಿದುಕೊಡಿ. ರಿಬ್ಬನ್ ಯಾವಾಗಲೂ ಹಿಂದಕ್ಕೆ ನೆಟ್ಟಗೆ ಹಾರುತ್ತಿದ್ದರೆ ಮೇನ್‌ಶೀಟ್, ಅಂದರೆ ಹಾಯಿಯನ್ನು ಒಳಕ್ಕೆಳೆಯುವ ಹಗ್ಗವನ್ನು ಇನ್ನೂ ಸ್ವಲ್ಪ ಎಳೆಯಬಹುದು. ಯಾವಾಗಲೂ ಹಾಯಿಯ ಹಿಂದೆ ಅಡಗಿದ್ದರೆ ಎಳೆದದ್ದು ಹೆಚ್ಚಾಯಿತು. ಅರ್ಧ ಹೊತ್ತು ಹಾರಿ ಅರ್ಧ ಹೊತ್ತು ಅಡಗುತ್ತಿದ್ದರೆ ಸರಿಯಾಗಿದೆ. ನಮ್ಮ ಹಲಸೂರು ಕೆರೆಯ ನಡುಗಡ್ಡೆಗಳ ಮರೆಗೆ ಬಂದಾಗ, ದಡದ ಕಟ್ಟಡಗಳ ಸಂದಿಯಿಂದ ಗಾಳಿ ನುಗ್ಗಿದಾಗ ಆ ರಿಬ್ಬನ್ ಎರಡೆರಡು ನಿಮಿಷಕ್ಕೆ ಬೇರೆಯೇ ಕಥೆ ಹೇಳುತ್ತದೆ. ಅದನ್ನು ಓದಲು ಕಲಿತ ಮಗು ಎಲ್ಲಿ ಬೇಕಾದರೂ ದೋಣಿ ನಡೆಸುತ್ತದೆ.

ಇನ್ನೊಂದು ಮಾತು. ಉಜ್ಜಿದ್ದನ್ನು ಮತ್ತೆ ದಪ್ಪ ಮಾಡಲಾಗದು. ಮೂಲ ಬ್ಯಾಟನ್ನನ್ನು ಹಾಗೇ ಇಟ್ಟುಕೊಂಡು ಇನ್ನೊಂದನ್ನು ಉಜ್ಜಿ. ಆಷಾಢದ ಗಾಳಿಗೆ ಆ ಗಟ್ಟಿಯದೇ ಬೇಕಾಗುತ್ತದೆ, ಹಿಂದಂಚನ್ನು ಚಪ್ಪಟೆಯಾಗಿ ಹಿಡಿಯುವುದು ಅದೇ.

ನನ್ನದು ಐಎಲ್‌ಸಿಎ 7 ಹಾಯಿದೋಣಿ. ಹಾಯಿಯಲ್ಲಿ ಬ್ಯಾಟನ್ನಿನ ಒಳತುದಿಯಿಂದ ಸುಕ್ಕು ಹೊರಡುತ್ತದೆ. ಕಾರ್ಬನ್ ಬ್ಯಾಟನ್ ಮಾಡಿಸಿ ಹಾಕಿದರೆ ವೇಗ ಸಿಗುತ್ತದೆಯೇ? ಹಣದ ಚಿಂತೆ ಇಲ್ಲ.
ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ಬೇಡ. ಮೊದಲು ಲೇಸರ್ ಎನ್ನುತ್ತಿದ್ದ ಈ ದೋಣಿಯ ಹುಟ್ಟುಗುಣವೇ ಎಲ್ಲರದೂ ಒಂದೇ ಎಂಬುದು. ನಿಯಮದಲ್ಲಿ ‘ಮಾಡಬಹುದು’ ಎಂದು ಬರೆದಿಲ್ಲದ ಯಾವ ಬದಲಾವಣೆಯನ್ನೂ ಮಾಡುವಂತಿಲ್ಲ. ಮೇಲಿನವರಿಗೆ ಹೇಳಿದ ಉಜ್ಜುವಿಕೆಯೂ ನಿಮಗೆ ಸಲ್ಲದು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನೇಹಾ ಠಾಕೂರ್ ಐಎಲ್‌ಸಿಎ 4ರಲ್ಲಿ ಬೆಳ್ಳಿ, ವಿಷ್ಣು ಸರವಣನ್ ನಿಮ್ಮದೇ ಐಎಲ್‌ಸಿಎ 7ರಲ್ಲಿ ಕಂಚು ಗೆದ್ದರು. ಅವರ ಬ್ಯಾಟನ್ನೂ ಪಕ್ಕದ ದೋಣಿಯವರ ಬ್ಯಾಟನ್ನೂ ಒಂದೇ.

ನೀವು ನೋಡಬೇಕಾದ್ದು ಬೇರೆ. ಮೂರೂ ಬ್ಯಾಟನ್ ತಂತಮ್ಮ ಜೇಬಿನಲ್ಲೇ ಇವೆಯೇ? ತೆಳು ತುದಿ ಒಳಗೆ, ದಪ್ಪ ತುದಿ ಹಿಂದಂಚಿಗೆ ಇದೆಯೇ? ಇದನ್ನು ತಿರುವುಮುರುವು ಹಾಕಿಕೊಂಡು ಒಂದು ಇಡೀ ಸೀಸನ್ ಓಡಿಸಿದವರನ್ನು ನೋಡಿದ್ದೇನೆ. ದೋಣಿ ಮಗುಚಿ ಎದ್ದ ಮೇಲೆ ಬ್ಯಾಟನ್ ಜೇಬಿನಿಂದ ಅರ್ಧ ಹೊರಬಂದಿರಬಹುದು, ತಡವಿ ನೋಡಿ. ಇಷ್ಟೆಲ್ಲ ಸರಿಯಿದ್ದೂ ಸುಕ್ಕು ಉಳಿದರೆ ಬೂಮನ್ನು ಕೆಳಕ್ಕೆ ಹಿಡಿಯುವ ವ್ಯಾಂಗ್ ಹಗ್ಗ ಎಳೆದು ಮಾಸ್ಟ್ (ಹಾಯಿಕಂಬ) ಬಗ್ಗಿದಾಗ ಅದು ಹೋಗುತ್ತದೆಯೇ ಪರೀಕ್ಷಿಸಿ. ಹೋಗದಿದ್ದರೆ ಬಟ್ಟೆಗೆ ವಯಸ್ಸಾಗಿದೆ. ಕಾರ್ಬನ್ನಿಗೆ ಇಟ್ಟ ಹಣದಲ್ಲಿ ಹೊಸ ಹಾಯಿ ತನ್ನಿ.

ವಾರಾಂತ್ಯಕ್ಕೆ ಕೆಆರ್‌ಎಸ್ ಹಿನ್ನೀರಿಗೆ ಹೋಗಿ ಗೆಳೆಯರ ಕ್ಯಾಟಮರಾನ್ (ಜೋಡಿ ಒಡಲಿನ ದೋಣಿ) ಓಡಿಸುತ್ತೇನೆ. ಮಾಸ್ಟಿನಿಂದ ಹಿಂದಂಚಿನವರೆಗೂ ಪೂರ್ತಿ ಉದ್ದದ ಬ್ಯಾಟನ್‌ಗಳು. ಟ್ಯಾಕ್ ಮಾಡಿದ ಮೇಲೆ, ಅಂದರೆ ಗಾಳಿ ಇನ್ನೊಂದು ಮಗ್ಗುಲಿಗೆ ಬರುವಂತೆ ದೋಣಿ ತಿರುಗಿಸಿದ ಮೇಲೆ ಅವು ಆ ಕಡೆಗೆ ಹೊರಳುವುದೇ ಇಲ್ಲ, ಹಾಯಿ ಉಲ್ಟಾ ಉಳಿಯುತ್ತದೆ. ಚೆನ್ನೈನ ಗೆಳೆಯರೊಬ್ಬರು ತಮ್ಮ ಸೆಟ್ಟಿಂಗ್ ಬರೆದುಕೊಟ್ಟರು, ಅದರಂತೆಯೇ ಬಿಗಿದಿದ್ದೇನೆ.
ಕೆಂಗೇರಿಯಿಂದ

ಹಗ್ಗ ಬಿಗಿದದ್ದು ಹೆಚ್ಚಾಗಿದೆ. ಪೂರ್ತಿ ಉದ್ದದ ಬ್ಯಾಟನ್ನನ್ನು ಹಿಂದಂಚಿನಲ್ಲಿ ದಾರದಿಂದ ಬಿಗಿದಷ್ಟೂ ಅದು ಬಿಲ್ಲಿನ ಹಾಗೆ ಬಗ್ಗಿ ಹಾಯಿಗೆ ಹೊಟ್ಟೆ ಬರಿಸುತ್ತದೆ. ಹೆದೆ ಏರಿಸಿದ ಬಿಲ್ಲನ್ನು ಆ ಕಡೆಗೆ ಹೊರಳಿಸಲು ಮಂದ ಗಾಳಿಗೆ ಎಲ್ಲಿಯ ತ್ರಾಣ? ಜೇಬಿನ ಉದ್ದಕ್ಕೆ ಅಡ್ಡಡ್ಡ ಬಿದ್ದ ಸುಕ್ಕುಗಳು ಆಗ ತಾನೇ ಮಾಯವಾಗುವಷ್ಟು ಬಿಗಿಯಿರಿ, ಅಲ್ಲಿಗೆ ನಿಲ್ಲಿಸಿ. ನಾನಂತೂ ಮಂದ ಗಾಳಿಯ ದಿನ ಒಂದೆರಡು ಸುಕ್ಕು ಉಳಿದರೂ ಹಾಗೇ ಬಿಡುತ್ತೇನೆ. ಜೋರು ಗಾಳಿಗೆ ಬಿಗಿಯಬೇಕು ಅಂದುಕೊಳ್ಳುವವರೂ ಇದ್ದಾರೆ. ಬಿಗಿದರೆ ಹೊಟ್ಟೆ ಹೆಚ್ಚುತ್ತದೆ, ಜೋರು ಗಾಳಿಯಲ್ಲಿ ನಮಗೆ ಬೇಡವಾದದ್ದೇ ಅದು. ಟ್ಯಾಕ್ ಮುಗಿಯುತ್ತಿದ್ದಂತೆ ಮೇನ್‌ಶೀಟ್ ಹಿಡಿದು ಒಂದು ಜಗ್ಗು ಜಗ್ಗಿ, ಬೂಮಿದ್ದರೆ ಅದನ್ನೂ ಕೈಯಿಂದ ತಟ್ಟಿ. ಹಾಯಿ ಟಪ್ ಎಂದು ಹೊರಳುತ್ತದೆ.

ಚೆನ್ನೈ ಸೆಟ್ಟಿಂಗ್ ಬಗ್ಗೆ ಇನ್ನೊಂದು ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಕಡಲತಡಿಯದಕ್ಕಿಂತ ನೂರಕ್ಕೆ ಎಂಟು ಪಾಲಿನಷ್ಟು ತೆಳು. ಗಾಳಿಯ ವೇಗ ಅಳೆಯುವ ಮೀಟರಿನಲ್ಲಿ 10 ನಾಟ್ ತೋರಿಸಿದರೂ ಹಾಯಿಯನ್ನು ತಳ್ಳುವುದು ಅಲ್ಲಿನ ಒಂಬತ್ತೂವರೆ ನಾಟ್ ಗಾಳಿಯಷ್ಟೇ. ಕೆಆರ್‌ಎಸ್ ಸ್ವಲ್ಪ ತಗ್ಗಿನಲ್ಲಿದೆ, ಆದರೂ ಕಡಲಲ್ಲವಲ್ಲ. ಕಡಲ ತೀರದವರ ಸೆಟ್ಟಿಂಗನ್ನು ಹಾಗೇ ತರಬೇಡಿ, ಅವರು ಬರೆದದ್ದಕ್ಕಿಂತ ಒಂದು ಎಳೆ ಸಡಿಲವಾಗಿಯೇ ಶುರು ಮಾಡಿ.

ದೋಣಿ ಮೇಲೆಳೆದ ಮೇಲೆ ಅಷ್ಟೂ ದಾರ ಬಿಚ್ಚಿ. ಬಿಗಿದ ಬ್ಯಾಟನ್ ಜೊತೆ ಹಾಯಿಯನ್ನು ಬಿಸಿಲಿನಲ್ಲಿ ಬಿಟ್ಟು ಊಟಕ್ಕೆ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಬಟ್ಟೆಯ ಅರ್ಧ ಆಯಸ್ಸು ಅಲ್ಲೇ ಸವೆಯುತ್ತದೆ.

ಬ್ಯಾಟನ್ ಜೇಬಿಗಿಂತ ಎಷ್ಟು ಚಿಕ್ಕದಿರಬೇಕು?
ಆರ್.ಟಿ. ನಗರ

ಗಿಡ್ಡ ಬ್ಯಾಟನ್ನಿಗೆ ಒಂದು ಸೆಂಟಿಮೀಟರ್ ಸಾಕು. ಜೇಬಿನ ತಳದಲ್ಲಿ ಎಲಾಸ್ಟಿಕ್ ಇದ್ದರೆ ಅದು ತುಸು ಹಿಗ್ಗುವಷ್ಟು. ತೀರಾ ಗಿಡ್ಡವಾದರೆ ಒಳಗೆ ಓಡಾಡಿ ಹೊಲಿಗೆ ತಿನ್ನುತ್ತದೆ.

ಅಜ್ಜೀ, ನಾನು ಆರನೇ ಕ್ಲಾಸು. ನಮ್ಮ ತಾತ ಹಳೆಯ ಮರದ ದೋಣಿ ರಿಪೇರಿ ಮಾಡುತ್ತಿದ್ದಾರೆ. ಅದರ ಹಾಯಿಗೆ ಬ್ಯಾಟನ್ ಇಲ್ಲ. ಬಿದಿರಿನದು ಮಾಡಬಹುದಾ? ತಾತ ಆಗಲ್ಲ ಅಂತಾರೆ.
ಮಲ್ಲೇಶ್ವರ

ಆಗುತ್ತೆ ಪುಟ್ಟಾ. ತಾತನಿಗೆ ನನ್ನ ನಮಸ್ಕಾರ ಹೇಳಿ ಈ ಪುಟ ತೋರಿಸು.

1987ರಲ್ಲಿ ನಾನು ಹೊಲಿದ ಆ ಮೊದಲ ಹಾಯಿಗೂ ಬ್ಯಾಟನ್ ಇರಲಿಲ್ಲ, ಮುರಿದುಹೋಗಿದ್ದವು. ಯಜಮಾನರು ಬಂಬೂ ಬಜಾರಿಗೆ ಹೋಗಿ ಒಂದು ಗಳು ತಂದರು. ಅದನ್ನು ಸೀಳಿ, ರಾತ್ರಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಇಬ್ಬರೂ ಕುಡುಗೋಲಿನಲ್ಲಿ ಹೆರೆದೆವು. ನನ್ನ ಅಪ್ಪ ಗಾಳಿಪಟಕ್ಕೆ ಕಡ್ಡಿ ಹೆರೆಯುತ್ತಿದ್ದ ರೀತಿ ನನಗೆ ಕೈಯಲ್ಲೇ ನೆನಪಿತ್ತು. ನಾಲ್ಕು ಬ್ಯಾಟನ್ ಮಾಡಿದೆವು. ಎರಡು ಮಳೆಗಾಲ ಬಾಳಿದವು. ಯಜಮಾನರು ಹೋಗಿ ಆರು ವರ್ಷವಾಯಿತು. ಅದರಲ್ಲಿ ಒಂದು ಈಗಲೂ ನನ್ನ ಮಷಿನ್ ಪಕ್ಕದ ಗೋಡೆಗೆ ಒರಗಿದೆ. ಬಟ್ಟೆ ಅಳೆಯಲು ಬಳಸುತ್ತೇನೆ.

ನೀನು ಹೀಗೆ ಮಾಡು. ಚೆನ್ನಾಗಿ ಬಲಿತು ಒಣಗಿದ ಬಿದಿರು ಆರಿಸು, ಹಸಿಯದು ಬೇಡ. ಹೊರಗಿನ ಹೊಳೆಯುವ ಸಿಪ್ಪೆಯ ಕಡೆಯೇ ಬಿದಿರಿನ ಬಲ, ಅಲ್ಲಿ ನಾರು ಒತ್ತಾಗಿರುತ್ತದೆ. ಆದ್ದರಿಂದ ಸಿಪ್ಪೆಯನ್ನು ಮುಟ್ಟದೆ ಒಳಮೈಯನ್ನಷ್ಟೇ ಹೆರೆಯಬೇಕು. ಸೀಳುವುದು, ಹೆರೆಯುವುದು ತಾತನ ಕೆಲಸ; ಬಗ್ಗಿಸಿ ನೋಡಿ “ಇಲ್ಲಿ ಇನ್ನೂ ದಪ್ಪ” ಅಂತ ತೋರಿಸುವುದು ನಿನ್ನದು. ಮೊದಲ ಪತ್ರಕ್ಕೆ ಬರೆದ ತಕ್ಕಡಿ ಪರೀಕ್ಷೆಯನ್ನು ನೀನೇ ಮಾಡಬಹುದು, ಅಮ್ಮನನ್ನು ಕೇಳಿ ತಕ್ಕಡಿ ತಗೋ. ಬಿದಿರು ನೀರು ಕುಡಿದರೆ ಮೆತ್ತಗಾಗುತ್ತದೆ. ಅದಕ್ಕೆ ಎರಡು ಕೋಟ್ ವಾರ್ನಿಷ್ ಬೇಕು, ತುದಿಗಳಿಗೆ ಮೂರು. ಆಟಕ್ಕೆ, ಅಭ್ಯಾಸಕ್ಕೆ ಇದು ಧಾರಾಳ ಸಾಕು. ರೇಸಿಗೆ ಇಳಿಸುವ ದಿನ ಬಂದಾಗ ನಿಯಮ ನೋಡೋಣ.

ಬಿದಿರಿನಲ್ಲಿ ಗಿಣ್ಣು ಇರುತ್ತದೆ, ಅಲ್ಲಿ ಅದು ಬಗ್ಗುವುದಿಲ್ಲ. ಗಿಣ್ಣು ಹಿಂದಂಚಿನ ಕಡೆಗೆ ಬರುವ ಹಾಗೆ ತುಂಡು ಮಾಡಿಸು.